ಕಬ್ಬಿನ ಗದ್ದೆಯಲ್ಲಿ ಸಿಗುವ ಬೆಕ್ಕಿನ ಮರಿಗಳು ಅನಾಥವಲ್ಲ

ಮಾನ್ಯ ಸಂಪಾದಕರೇ,

ಕಬ್ಬು ಕಟಾವು ಶುರುವಾದೊಡನೆ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ: ಗದ್ದೆಯಲ್ಲಿ ಚಿರತೆ ಮರಿಗಳು ಪತ್ತೆ, ಹಾಲು ಕುಡಿಸಿ ಅರಣ್ಯ ಇಲಾಖೆಗೆ ಒಪ್ಪಿಸಿದ ಗ್ರಾಮಸ್ಥರು. ಜೊತೆಗೆ ಮರಿಗಳನ್ನು ಅಂಗೈಯಲ್ಲಿಟ್ಟುಕೊಂಡು ನಿಂತವರ ಫೋಟೊ. ಅವರ ಕಾಳಜಿಯನ್ನು ಶಂಕಿಸುವಂತಿಲ್ಲ. ಆದರೆ ಆ ಮರಿಗಳು ಎಷ್ಟೋ ಸಲ ಚಿರತೆಯವಾಗಿರುವುದಿಲ್ಲ, ಸಣ್ಣ ಕಾಡುಬೆಕ್ಕುಗಳವಾಗಿರುತ್ತವೆ. ಬಹುಪಾಲು ಅನಾಥವೂ ಆಗಿರುವುದಿಲ್ಲ. ಜನ ಸೇರಿದ್ದರಿಂದ ದೂರ ಸರಿದ ತಾಯಿ ಕತ್ತಲಾಗುವುದನ್ನೇ ಕಾಯುತ್ತಿರುತ್ತದೆ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಚಿರತೆ ಮರಿ ಹುಟ್ಟುವಾಗಲೇ ಸುಮಾರು ಅರ್ಧ ಕಿಲೋ ತೂಗುತ್ತದೆ, ಪಾದಗಳು ದಪ್ಪ. ರಸ್ಟಿ ಸ್ಪಾಟೆಡ್ ಕ್ಯಾಟ್ ಎಂದು ಕರೆಯುವ ತುಕ್ಕುಚುಕ್ಕೆಯ ಬೆಕ್ಕಿನ ಮರಿ ಹುಟ್ಟುವಾಗ 70 ಗ್ರಾಂ ಆಸುಪಾಸು. ಪೂರ್ತಿ ಬೆಳೆದ ಬೆಕ್ಕೇ ಒಂದರಿಂದ ಒಂದೂವರೆ ಕಿಲೋ ಅಷ್ಟೆ. ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲಿ ಇದೂ ಒಂದು. ಬೂದು ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಸಾಲುಸಾಲಾಗಿರುತ್ತವೆ, ಹಣೆಯಿಂದ ನಾಲ್ಕು ಕಡುಗೆರೆಗಳು ಹಿಂದಕ್ಕೆ ಹರಿಯುತ್ತವೆ, ಕಿವಿ ಚಿಕ್ಕವು, ದುಂಡಗಿನವು. ಗದ್ದೆಗಳಲ್ಲಿ ಹೆಚ್ಚು ಸಿಗುವ ಇನ್ನೊಂದು, ಮಾಮೂಲಿ ಕಾಡುಬೆಕ್ಕು. ದೊಡ್ಡದಾದ ಮೇಲೆ ಅದರ ಮೈಮೇಲೆ ಎದ್ದು ಕಾಣುವ ಚುಕ್ಕೆ ಇರುವುದಿಲ್ಲ, ಆದರೆ ಮರಿಯ ಮೈಯಲ್ಲಿ ಮಾಸಲು ಪಟ್ಟೆ, ಚುಕ್ಕೆಗಳಿರುತ್ತವೆ. ಗೊಂದಲವಾಗುವುದು ಇಲ್ಲೇ. ಬಾಲದ ತುದಿಯ ಕಪ್ಪು ಬಳೆಗಳನ್ನೂ ನೆಟ್ಟಗಿನ, ಚೂಪಾದ ಕಿವಿಗಳನ್ನೂ ನೋಡಿದರೆ ಗೊತ್ತಾಗುತ್ತದೆ.

ತುಕ್ಕುಚುಕ್ಕೆಯ ಬೆಕ್ಕು ಇರುವುದು ಭಾರತ, ಶ್ರೀಲಂಕಾ, ನೇಪಾಳಗಳಲ್ಲಿ ಮಾತ್ರ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅದು ಅಪಾಯದ ಸಮೀಪವಿರುವ (ನಿಯರ್ ಥ್ರೆಟನ್ಡ್) ಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಪರಿಚ್ಛೇದದ, ಅಂದರೆ ಅತಿ ಹೆಚ್ಚಿನ, ರಕ್ಷಣೆ ಅದಕ್ಕಿದೆ. ಕುರುಚಲು ಕಾಡು, ಬಂಡೆಗುಡ್ಡ, ಒಣ ಎಲೆಉದುರು ಕಾಡು ಅದರ ಮೂಲ ನೆಲೆ. ಅವು ಹೊಲ, ಬಡಾವಣೆ, ಕ್ವಾರಿಗಳಾಗುತ್ತ ಹೋದಂತೆ ಅದು ಬೆಳೆಯ ನಡುವೆ ಜಾಗ ಹುಡುಕಿಕೊಳ್ಳುತ್ತಿದೆ. ಹತ್ತು ಹನ್ನೆರಡು ತಿಂಗಳು ಯಾರೂ ಒಳಹೊಕ್ಕದ ಕಬ್ಬು, ಅದರೊಳಗೆ ಬೇಕಾದಷ್ಟು ಇಲಿ. ಮರಿ ಹಾಕಲು ಇದಕ್ಕಿಂತ ಒಳ್ಳೆಯ ಮರೆ ಸಿಗುವುದೆಲ್ಲಿ? ಒಂದು ಸೂಲಿಗೆ ಒಂದರಿಂದ ಮೂರು ಮರಿ ಮಾತ್ರ. ಎರಡು ಮರಿಗಳನ್ನು ಎತ್ತಿಕೊಂಡು ಹೋದರೆ ಆ ಸೂಲೇ ಮುಗಿದಂತೆ.

ಮರಿ ಕಂಡ ಕೂಡಲೇ ಆ ಭಾಗದ ಕಟಾವು ನಿಲ್ಲಿಸಬೇಕು. ಸುತ್ತ ಹತ್ತು ಹದಿನೈದು ಅಡಿ ಕಬ್ಬನ್ನು ಹಾಗೇ ಬಿಟ್ಟು, ನಾಯಿಗಳನ್ನು ಕಟ್ಟಿಹಾಕಿ, ಬೇರೆ ಕಡೆ ಕೆಲಸ ಮುಂದುವರಿಸಬಹುದು. ಸುತ್ತಲ ಕಬ್ಬು ಆಗಲೇ ಕಡಿದಾಗಿದ್ದರೆ ಅಥವಾ ಮರಿಗಳನ್ನು ಯಾರೋ ಎತ್ತಿಕೊಂಡಿದ್ದರೆ, ಇಲಾಖೆಯವರನ್ನು ಕರೆಸಿ ಅವರ ಸಮ್ಮುಖದಲ್ಲಿ ಕೆಲಸ ನಡೆಯಬೇಕು. ಒಂದು ಅಡಿ ಎತ್ತರದ ಟೊಮೆಟೊ ಕ್ರೇಟ್ ಸಾಕು. ತಳಕ್ಕೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾಸಿ, ಕೈಗೆ ಬಟ್ಟೆ ಸುತ್ತಿಕೊಂಡು ಮರಿಗಳನ್ನಿಟ್ಟು, ಸಂಜೆಗತ್ತಲಿಗೆ ಮುಂಚೆ ಅವು ಸಿಕ್ಕ ಜಾಗದಲ್ಲೇ ಇಡಬೇಕು. ಮೇಲೆ ಮುಚ್ಚಳ ಬೇಡ. ಮರಿ ಹೊರಬರಬಾರದು, ತಾಯಿ ಒಳಗಿಳಿಯುವಂತಿರಬೇಕು. ಆಮೇಲೆ ಎಲ್ಲರೂ ದೂರ ಹೋಗಬೇಕು. ಟಾರ್ಚ್ ಹಿಡಿದು ನೋಡಲು ಬರುವವರಿಂದಲೇ ಅರ್ಧ ಕೆಲಸ ಕೆಡುತ್ತದೆ. ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಸಾಗಿಸುತ್ತದೆ. ಬೆಳಿಗ್ಗೆ ಒಂದು ಮರಿ ಉಳಿದಿದ್ದರೆ ಅದನ್ನು ತಾಯಿ ಬಿಟ್ಟುಹೋಗಿದೆ ಎಂದಲ್ಲ. ಹಗಲು ನೆರಳಲ್ಲಿ ಬೆಚ್ಚಗಿಟ್ಟು ಎರಡನೇ, ಮೂರನೇ ರಾತ್ರಿಯೂ ಅಲ್ಲೇ ಇಡಬೇಕು. ಮನುಷ್ಯರ ವಾಸನೆ ತಾಗಿದರೆ ತಾಯಿ ಮುಟ್ಟುವುದಿಲ್ಲ ಎಂಬ ಮಾತು ಸುಳ್ಳು. ಮಹಾರಾಷ್ಟ್ರದ ಜುನ್ನರ್ ಭಾಗದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿಗಳನ್ನೇ ಈ ಕ್ರಮದಲ್ಲಿ ತಾಯಿಗೆ ಸೇರಿಸುತ್ತ ಬಂದಿದ್ದಾರೆ.

ಇನ್ನು ಹಾಲಿನ ವಿಷಯ. ಕರುಣೆಯಿಂದ ಕುಡಿಸುವ ಹಸುವಿನ ಹಾಲು ಈ ಮರಿಗಳಿಗೆ ಆಗಿಬರುವುದಿಲ್ಲ. ಅದರಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗದೆ ಭೇದಿಯಾಗುತ್ತದೆ, ಅಷ್ಟು ಚಿಕ್ಕ ಮೈ ಬೇಗ ಒಣಗಿಹೋಗುತ್ತದೆ. ಮೈ ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ, ಕುಡಿಸಿದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಅಂಗಾತ ಮಲಗಿಸಿ ಸಿರಿಂಜಿನಲ್ಲಿ ಹಾಕಿದರಂತೂ ಹಾಲು ಶ್ವಾಸಕೋಶಕ್ಕಿಳಿದು ಒಂದೆರಡು ದಿನಗಳಲ್ಲಿ ನ್ಯುಮೋನಿಯಾ. ಮರಿ ತಣ್ಣಗಿದ್ದರೆ ಮೊದಲು ಬೇಕಾದದ್ದು ಕಾವು: ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿಯನ್ನು ಪಕ್ಕಕ್ಕಿಟ್ಟರೆ ಸಾಕು. ಮನೆಬೆಕ್ಕಿನ ಹತ್ತಿರ ಬಿಡಲೇಬಾರದು. ಅದರಿಂದ ಪ್ಯಾನ್‌ಲ್ಯೂಕೊಪೀನಿಯಾ ಎಂಬ ಬೆಕ್ಕುಗಳ ವೈರಸ್ ರೋಗ ತಗುಲಿದರೆ ಉಳಿಸುವುದು ಬಹಳ ಕಷ್ಟ. ಇದೆಲ್ಲ ದಾಟಿ ಬದುಕಿದರೂ, ಕೈತುತ್ತಿನಲ್ಲಿ ಬೆಳೆದು ಮನುಷ್ಯರ ಭಯ ಹೋದ ಬೆಕ್ಕನ್ನು ಕಾಡಿಗೆ ಬಿಡುವಂತಿಲ್ಲ. ಅದರ ಬಾಳೆಲ್ಲ ಪಂಜರದಲ್ಲೇ.

ನಿಜಕ್ಕೂ ನೆರವು ಬೇಕಾದ ಸಂದರ್ಭಗಳೂ ಇವೆ: ತಾಯಿ ಅಲ್ಲೇ ಸತ್ತುಬಿದ್ದಿದ್ದರೆ, ಮರಿಗೆ ಗಾಯವಾಗಿದ್ದರೆ, ಇರುವೆ ಮುತ್ತಿದ್ದರೆ ಅಥವಾ ಹುಳು ಬಿದ್ದಿದ್ದರೆ ತಡಮಾಡದೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ವನ್ಯಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕೆಂದು ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ. ಸಾಕಿಕೊಳ್ಳುವುದು ಅಪರಾಧ.

ಕಟಾವಿನ ಕ್ರಮವೂ ಬದಲಾಗಬೇಕು. ನಾಲ್ಕೂ ಬದಿಯಿಂದ ಕಡಿಯುತ್ತ ಬಂದರೆ ಒಳಗಿನ ಪ್ರಾಣಿಗಳೆಲ್ಲ ನಡುವಿನ ತುಂಡಿನಲ್ಲಿ ಸಿಕ್ಕಿಬೀಳುತ್ತವೆ. ರಸ್ತೆ, ಮನೆಗಳ ಕಡೆಯಿಂದ ಶುರುಮಾಡಿ ಹಳ್ಳ, ಕುರುಚಲು ಇರುವ ಕಡೆಗೆ ಸಾಗಿದರೆ ತಾಯಿ ಮರಿಗಳನ್ನು ಸಾಗಿಸಲು ದಾರಿ ಸಿಗುತ್ತದೆ. ಕಟಾವಿಗೆ ಮುಂಚೆ ಕಬ್ಬಿಗೆ ಬೆಂಕಿ ಇಡುವ ರೂಢಿಯನ್ನಂತೂ ಸಕ್ಕರೆ ಕಾರ್ಖಾನೆಗಳೇ ಮುಂದೆ ನಿಂತು ನಿಲ್ಲಿಸಬೇಕು. ಕಣ್ಣು ಬಿಡದ ಮರಿ ಬೆಂಕಿಯಿಂದ ಓಡಲಾರದು.

ಹಂಗಾಮಿನ ಆರಂಭದಲ್ಲಿ ಕಾರ್ಖಾನೆಗಳು ಪ್ರತಿ ಕಟಾವು ಗ್ಯಾಂಗಿನ ಮೇಸ್ತ್ರಿಗೆ ಈ ವಿಷಯ ತಿಳಿಸಿ, ಮರಿ ಸಿಕ್ಕಿದ ಜಾಗದ ಕಬ್ಬನ್ನು ಎರಡು ಮೂರು ದಿನ ಕಡಿಯದೆ ಬಿಟ್ಟರೆ ರೈತನ ಕಟಾವಿನ ಸರದಿ ತಪ್ಪುವುದಿಲ್ಲ ಎಂದು ಭರವಸೆ ಕೊಡಬೇಕು. ಸರದಿ ತಪ್ಪೀತೆಂಬ ಭಯಕ್ಕೇ ಎಷ್ಟೋ ರೈತರು ಮರಿಗಳನ್ನು ಅವಸರದಲ್ಲಿ ಸಾಗಹಾಕುತ್ತಾರೆ. ಪತ್ರಿಕೆಗಳೂ ಮರಿ ಹಿಡಿದವರ ಫೋಟೊ ಬಿಟ್ಟು, ಅದೇ ಜಾಗದಲ್ಲಿ ಕ್ರೇಟ್ ಇಡುವ ಕ್ರಮವನ್ನೂ 1926 ಸಂಖ್ಯೆಯನ್ನೂ ಪ್ರಕಟಿಸಬೇಕೆಂದು ವಿನಂತಿ.

ಇಂತಿ,
ವನ್ಯಜೀವಿ ಚಿಕಿತ್ಸೆಯಲ್ಲಿ ತೊಡಗಿರುವ ಒಬ್ಬ ಪಶುವೈದ್ಯ