ಹನಿ ಮತ್ತೆ ಮತ್ತೆ ಯಾಕೆ

ಗ್ಲಾಸ್ಗೋ

ಅವ್ವನಿಗೆ ನಮಸ್ಕಾರ.

ನಾನಿಲ್ಲಿ ಆರಾಮಿದ್ದೀನಿ. ಅಪ್ಪಾಜಿಯ ಮಂಡಿನೋವು ಕಡಿಮೆಯಾಗಿದೆ ಅಂತ ಅಣ್ಣ ಹೇಳಿದ, ಸಮಾಧಾನವಾಯ್ತು.

ನೆಗಡಿ ಅಂತ ಪುಟ್ಟನಿಗೆ ಹೋದ ಭಾನುವಾರ ಪೋಲಿಯೋ ಹನಿ ಹಾಕಿಸಲಿಲ್ಲವಂತೆ. "ಎಷ್ಟು ಸಲ ಹಾಕಿಸೋದು?" ಅಂತಾನೂ ಅತ್ತಿಗೆ ಕೇಳಿದ್ರಂತೆ. ನೀನು ಅಂಗನವಾಡಿಯಲ್ಲಿದ್ದಾಗ ನಿಟುವಳ್ಳಿಯ ತಾಯಂದಿರೂ ಇದನ್ನೇ ಕೇಳ್ತಿದ್ರು. ನೀನು ಲಸಿಕೆ ಡಬ್ಬಿ ಹೆಗಲಿಗೇರಿಸಿ, ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿ, ಗೋಡೆ ಮೇಲೆ ಸೀಮೆಸುಣ್ಣದ ಗುರುತು ಹಾಕಿ, "ಹಾಕ್ಸಮ್ಮ, ಒಳ್ಳೇದಾಗುತ್ತೆ" ಅಂತ ಮುಂದಿನ ಮನೆಗೆ ಹೋಗ್ತಿದ್ದೆ. ಕಾರಣ ನಿನಗೂ ಯಾರೂ ಹೇಳಿರಲಿಲ್ಲ. ನಾನಿಲ್ಲಿ ಓದ್ತಿರೋದು ಅದನ್ನೇ.

ಆಗಿನ ಹನಿಯಲ್ಲಿ ಮೂರು ಬಗೆಯ ಪೋಲಿಯೋ ವೈರಸ್ ಇರ್ತಿದ್ದವು, ಜೀವಂತ, ಆದ್ರೆ ಶಕ್ತಿ ಕುಂದಿಸಿದವು. ಅವು ಕರುಳಲ್ಲಿ ಬೆಳೆದರೇನೇ ಮಗುವಿಗೆ ರೋಗದಿಂದ ರಕ್ಷಣೆ. ಒಟ್ಟಿಗೆ ಒಳಗೆ ಹೋದಾಗ ಎರಡನೇ ಬಗೆಯದ್ದೇ ಜೋರು, ಒಂದು ಮತ್ತು ಮೂರನ್ನು ಬೆಳೆಯೋಕೆ ಬಿಡ್ತಿರಲಿಲ್ಲ. ಮುಂದಿನ ಸಲ ಹೊತ್ತಿಗೆ ದೇಹ ಎರಡನೆಯದನ್ನು ತಡೆಯೋದು ಕಲಿತಿರುತ್ತೆ, ಆಗ ಉಳಿದೆರಡಕ್ಕೆ ಜಾಗ ಸಿಗುತ್ತೆ. ಅದಕ್ಕೇ ಅಷ್ಟು ಸಲ ಹಾಕಬೇಕಿತ್ತು ಅವ್ವ. ಉತ್ತರ ಪ್ರದೇಶ, ಬಿಹಾರದಲ್ಲಿ ಭೇದಿ, ಕರುಳಿನ ಬೇರೆ ವೈರಸ್‌ಗಳೂ ಸೇರಿ ಅಡ್ಡಿ ಇನ್ನೂ ಹೆಚ್ಚಿತ್ತು. ಕೊನೆಗೆ 2005ರಲ್ಲಿ ಒಂದೇ ಬಗೆಯ ಹನಿ, 2010ರಲ್ಲಿ ಒಂದು-ಮೂರು ಸೇರಿದ ಹನಿ ತಂದರು. 2011ರ ಜನವರಿಯಲ್ಲಿ ಹೌರಾದ ಮಗುವೊಂದಕ್ಕೆ ಬಂದದ್ದೇ ದೇಶದ ಕೊನೆಯ ಸಹಜ ಪೋಲಿಯೋ, ಅಂದ್ರೆ ಲಸಿಕೆಯ ವೈರಸ್‌ನಿಂದ ಬಂದಿದ್ದಲ್ಲ. ಅದರಲ್ಲಿ ನಿನ್ನಂಥವರ ನಡಿಗೆಯೂ ಇದೆ, ಇದನ್ನ ನಾನು ಇಲ್ಲಿ ಎಲ್ಲರಿಗೂ ಹೇಳ್ತೀನಿ.

ಮೂಗು-ಗಂಟಲಿನಲ್ಲೂ ಹೀಗೊಂದು ಅಡ್ಡಿ ಇದೆ, ಬಗೆ ಮಾತ್ರ ಬೇರೆ. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಅನ್ನೋ ಪ್ರೋಟೀನ್ ಬಿಟ್ಟು ಅಕ್ಕಪಕ್ಕದವನ್ನು ಎಚ್ಚರಿಸುತ್ತೆ, ಬೇರೆ ವೈರಸ್ ಬಂದ್ರೂ ಅವು ತಡೀತಾವೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್, ಲಿಂಡೆನ್‌ಮನ್ ಇದನ್ನ ಕಂಡುಹಿಡಿದರು. ಫ್ಲೂ ಏರಿದಾಗ ಸಾದಾ ನೆಗಡಿಯ ರೈನೋವೈರಸ್ ಇಳಿಯೋದನ್ನ ಈ ಊರಿನ ಸಂಶೋಧಕರೇ 2019ರಲ್ಲಿ ತೋರಿಸಿದ್ದಾರೆ. ಆದ್ರೆ ಈ ಕಾವಲು ಕೆಲವೇ ದಿನದ್ದು. ನೆಗಡಿ ಬಂದಿದೆ, ಇನ್ನು ಬೇರೇನೂ ಬರಲ್ಲ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ.

ಸಣ್ಣ ನೆಗಡಿಗೆ ಹನಿ ತಪ್ಪಿಸೋದು ಬೇಡ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಾಯಿ ಕಾರ್ಡ್ ತಗೊಂಡು ಹೋಗಿ ಕೇಳೋಕೆ ಅತ್ತಿಗೆಗೆ ಹೇಳು. ಶನಿವಾರ ಫೋನ್ ಮಾಡ್ತೀನಿ, ಅವರೂ ಜೊತೆಗಿರಲಿ.

ನಿನ್ನ ಮಗಳು