ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿದ್ದರ ಬಗ್ಗೆ

ಮೈಸೂರು
ಅಕ್ಟೋಬರ್ ಕೊನೆಯ ವಾರ

ಚಿ. ಸೌ. ಸುಮಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮೆಲ್ಬರ್ನಿನ ಹೊಸ ಮನೆ, ಬಾಡಿಗೆ, ಪುಟ್ಟನ ಸ್ಕೂಲು ಎಲ್ಲ ಬರೆದಿದ್ದೀಯ. ಅದನ್ನೆಲ್ಲ ನಿನ್ನ ಅಮ್ಮ ಆಗಲೇ ಹೇಳಿದ್ದಾಳೆ, ಬಿಡು. ನಡುವೆ ಒಂದು ಸಾಲು ಹಾಕಿದ್ದೀಯಲ್ಲ, ಬೇಸಿಗೆ ಬರುತ್ತಿದೆ ಅಂತ ಅಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ (ಡೇಲೈಟ್ ಸೇವಿಂಗ್ ಅನ್ನುತ್ತಾರಲ್ಲ, ಅದು) ಮರುದಿನ, ಸೋಮವಾರ, ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ ಕಣ್ಣು ಮುಚ್ಚಿಬಿಟ್ಟಿತು, ಹಿಂದಿನವನು ಹಾರನ್ ಹೊಡೆದಾಗಲೇ ಎಚ್ಚರ ಅಂತ. ಆಮೇಲೆ, ಇಷ್ಟು ದಿನ ಉತ್ತರದ ಸೆಕೆಯ ಊರಿನಲ್ಲಿ ಇದ್ದವಳು, "ಟೌನ್ಸ್‌ವಿಲ್‌ನಲ್ಲಿ ಇಲ್ಲದ ಈ ಕಾಟ ಇಲ್ಲಿ ಯಾಕೆ ದೊಡ್ಡಪ್ಪ?" ಅಂತ ಕೇಳಿ ಟೊಮೆಟೊ ರೇಟಿಗೆ ಹೋಗಿಬಿಟ್ಟಿದ್ದೀಯ. ನನಗೆ ಆ ಸಾಲು ದಾಟಿ ಮುಂದೆ ಓದಲು ಆಗಲಿಲ್ಲ. ನಿಂತ ಕಾರಿನಲ್ಲಿ ಆಯಿತು, ಸರಿ. ಓಡುವ ಕಾರಿನಲ್ಲಿ ಆಗಿದ್ದರೆ?

ಯಾಕೆ ಅಂತ ಕೇಳಿದ್ದೀಯ, ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಮೊಮ್ಮಗನ ಕೈಲಿ ಹುಡುಕಿಸಿ ಓದಿದೆ, ನಿದ್ದೆ ಬರದ ಮುದುಕನಿಗೆ ಬೇರೆ ಏನು ಕೆಲಸ. ಮೆಲ್ಬರ್ನಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಐದು ಗಂಟೆಗಿಂತ ಜಾಸ್ತಿ ವ್ಯತ್ಯಾಸ. ಟೌನ್ಸ್‌ವಿಲ್‌ನಲ್ಲಿ ಎರಡು ಗಂಟೆ ಚಿಲ್ಲರೆ. ನಮ್ಮ ಮೈಸೂರಿನಲ್ಲಿ ಒಂದೂವರೆ ಗಂಟೆಯೂ ಇಲ್ಲ. ನಿಮ್ಮ ದೇಶದ ಡಾರ್ವಿನ್ ಊರೂ ನಮ್ಮ ಹಾಗೇ. ನಾವು ಭೂಮಧ್ಯರೇಖೆಯಿಂದ ಮೇಲಕ್ಕೆ ಎಷ್ಟು ದೂರವೋ ಅವರು ಕೆಳಕ್ಕೆ ಸುಮಾರು ಅಷ್ಟೇ ದೂರ. ಬೇಸಿಗೆಯಲ್ಲಿ ಹಗಲು ಅಷ್ಟೊಂದು ಉದ್ದವಾಗುವ ಕಡೆ ಜನ ಏಳುವ ಮೊದಲೇ ಬಂದುಹೋಗುವ ಬೆಳಕನ್ನು ಸಂಜೆಗೆ ತಳ್ಳಿಕೊಳ್ಳಬಹುದು. ನಮ್ಮಂಥ ಕಡೆ ತಳ್ಳುವುದಕ್ಕೆ ಏನಿದೆ? ನಮ್ಮ ದೇಶದಲ್ಲೂ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಯುದ್ಧ ಮುಗಿಯಿತು, ಅದೂ ಹೋಯಿತು.

ಆದರೆ ಇದು ಬರೀ ಬೆಳಕಿನ ಲೆಕ್ಕ ಅಲ್ಲ ಸುಮಾ, ಸೆಕೆಯ ಲೆಕ್ಕವೂ ಹೌದು. ಜನವರಿಯ ಟೌನ್ಸ್‌ವಿಲ್ ನಿನಗೇ ಗೊತ್ತು. ಏಳರ ಹೊತ್ತಿಗೆ ಮುಳುಗುವ ಸೂರ್ಯನನ್ನು ಎಂಟರವರೆಗೆ ಹಿಡಿದಿಟ್ಟರೆ ಮಕ್ಕಳು ಮಲಗುವುದು ಯಾವಾಗ, ಮನೆ ತಣ್ಣಗಾಗುವುದು ಯಾವಾಗ? ಮೆಲ್ಬರ್ನಿನವರಿಗೆ ಸಂಜೆ ಬಿಸಿಲು ಬೇಕು, ಆರು ತಿಂಗಳು ಮೋಡ ನೋಡಿ ಬೇಜಾರಾಗಿರುತ್ತಾರೆ. ಟೌನ್ಸ್‌ವಿಲ್‌ನವರಿಗೆ ಸೂರ್ಯ ಒಮ್ಮೆ ಹೋದರೆ ಸಾಕಾಗಿರುತ್ತದೆ. ನಮ್ಮ ಗಿರಣಿಯಲ್ಲಿ ಬೇಸಿಗೆಯಲ್ಲಿ ಗಾಳಿ ಒಣಗಿದರೆ ನೂಲು ಪಟಪಟ ಕಡಿಯುತ್ತಿತ್ತು. ಅದಕ್ಕೆ ಶೆಡ್ಡಿನ ಗಾಳಿಗೆ ನೀರಿನ ತೇವ ಬಿಡುತ್ತಿದ್ದರು. ಅದೇ ತೇವವನ್ನು ಜಡಿಮಳೆಯ ದಿನವೂ ಬಿಡಿ ಅಂದರೆ ಮೇಸ್ತ್ರಿ ನಗುತ್ತಿದ್ದ. ಇದೂ ಅಷ್ಟೇ.

ಟೌನ್ಸ್‌ವಿಲ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದವರು ನೋಡದೆ ಬೇಡ ಅಂದವರಲ್ಲ. 1971ರಲ್ಲಿ ಅಕ್ಕಪಕ್ಕದವರ ಜೊತೆ ಸೇರಿಕೊಂಡರು, ಒಂದು ಬೇಸಿಗೆ ನೋಡಿ ಬಿಟ್ಟರು. ಮತ್ತೆ 1989ರಿಂದ ಪ್ರಯೋಗ ಮಾಡಿ, 1992ರ ಫೆಬ್ರವರಿಯಲ್ಲಿ ಜನರ ಮತವನ್ನೇ ಕೇಳಿದರು. ನೂರಕ್ಕೆ 54.5 ಮಂದಿ ಬೇಡ ಅಂದರು. ರಾಜ್ಯದ ದಕ್ಷಿಣ ತುದಿಯ ರಾಜಧಾನಿ ಬ್ರಿಸ್ಬೇನ್ ಕಡೆಯವರಿಗೆ ಬೇಕಿತ್ತು, ಅವರದ್ದೂ ಸುಳ್ಳಲ್ಲ, ಡಿಸೆಂಬರಿನಲ್ಲಿ ಅಲ್ಲಿ ಐದಕ್ಕೂ ಮುಂಚೆ ಬೆಳಗಾಗಿಬಿಡುತ್ತದೆ. ಉತ್ತರದವರಿಗೂ ಒಳನಾಡಿನವರಿಗೂ ಬೇಡವಾಗಿತ್ತು. ಬಿಸಿಲು ಜಾಸ್ತಿಯಾಗಿ ಕಿಟಕಿ ಪರದೆಯ ಬಣ್ಣ ಹೋಗುತ್ತೆ ಅಂತ ಹೆದರಿದರಂತೆ ಅಂತ ಪೇಟೆಯವರು ಅವರನ್ನು ಇವತ್ತಿಗೂ ಆಡಿಕೊಳ್ಳುತ್ತಾರಂತೆ. ನನಗೆ ಆ ತಮಾಷೆ ಹಿಡಿಸಲಿಲ್ಲ. ಆ ಬಿಸಿಲಿನಲ್ಲಿ ದುಡಿಯುವವರಿಗೆ ಅದರ ಲೆಕ್ಕ ಪೇಟೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದವರೂ ನಾಲ್ಕು ಸಲ ಮತ ಹಾಕಿ ನಾಲ್ಕು ಸಲವೂ ಬೇಡ ಅಂದಿದ್ದಾರೆ, ಕೊನೆಯದು 2009ರಲ್ಲಿ. ಅಮೆರಿಕದ ಅರಿಜೋನಾ ಮರುಭೂಮಿಯವರೂ 1968ರಲ್ಲೇ ಕೈಬಿಟ್ಟರು.

ಕರೆಂಟು ಉಳಿಯುತ್ತೆ ಅನ್ನುತ್ತಾರಲ್ಲ, ಅದೂ ಎಲ್ಲ ಕಡೆ ನಿಜವಲ್ಲ. ನಿಮ್ಮ ದಕ್ಷಿಣದ ದ್ವೀಪ ಟಾಸ್ಮೇನಿಯಾದವರು 1967ರಲ್ಲಿ ಶುರು ಮಾಡಿದ್ದು ಬರಗಾಲಕ್ಕೆ ಜಲವಿದ್ಯುತ್ತು ಸಾಲದೆ. ಅದು ತಂಪು ಸೀಮೆ, ದೀಪ ಉಳಿದರೆ ಕರೆಂಟು ಉಳಿಯಿತು. ಅಮೆರಿಕದ ಇಂಡಿಯಾನಾದಲ್ಲಿ 2006ರಲ್ಲಿ ಇಡೀ ರಾಜ್ಯಕ್ಕೆ ಇದನ್ನು ತಂದಾಗ ಮನೆಗಳ ಕರೆಂಟು ಖರ್ಚು ಶೇಕಡಾ 1ರಷ್ಟು ಏರಿತಂತೆ. ದೀಪದಲ್ಲಿ ಉಳಿದದ್ದು ಸಂಜೆ ಏಸಿಗೂ ಬೆಳಗಿನ ಹೀಟರಿಗೂ ಹೋಯಿತು.

ನೋಡು, ಎಲ್ಲಿಂದ ಎಲ್ಲಿಗೋ ಹೋದೆ. ನನ್ನ ತಲೆಯಲ್ಲಿ ಇರುವುದು ಆ ಸಿಗ್ನಲ್ಲು. ಅಮೆರಿಕದಲ್ಲಿ ಗಡಿಯಾರ ಮುಂದೆ ಹಾಕಿದ ವಾರದ ಕೆಲಸದ ದಿನಗಳಲ್ಲಿ ಸಾವಿನ ಅಪಘಾತ ಶೇಕಡಾ 6ರಷ್ಟು ಜಾಸ್ತಿ ಅಂತ 2020ರಲ್ಲಿ ಲೆಕ್ಕ ಹಾಕಿದ್ದಾರೆ. ಮೊಮ್ಮಗ ಇದನ್ನು ಓದಿ ಹೇಳಿದ ಮೇಲೆ ಇನ್ನೇನೂ ಹುಡುಕಬೇಡ ಅಂದೆ.

ಗಿರಣಿಯಲ್ಲಿ ನಮಗೆ ವಾರಕ್ಕೊಮ್ಮೆ ಪಾಳಿ ಬದಲಾಗುತ್ತಿತ್ತು. ಬರೀ ಒಂದು ಗಂಟೆಯಲ್ಲ, ಎಂಟೆಂಟು ಗಂಟೆ. ರಾತ್ರಿ ಪಾಳಿಯ ಮೊದಲ ಎರಡು ದಿನ ನಿಂತಲ್ಲೇ ತೂಕಡಿಕೆ. ಒಬ್ಬ ಗೆಳೆಯನಿದ್ದ, ಬೆಳಿಗ್ಗೆ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಊರಿಗೆ ಹೋಗುವಾಗ ನಿದ್ದೆ ಹತ್ತಿ ನಾಲೆಯ ಏರಿಯಿಂದ ಕೆಳಗೆ ಬಿದ್ದ. ಜೀವ ಉಳಿಯಿತು, ಮೊಣಕಾಲು ಹೋಯಿತು. ಅದಕ್ಕೆ ಮುಂಚೆ ಅವನು ತೂಕಡಿಸಿದಾಗೆಲ್ಲ ನಾವು ನಗುತ್ತಿದ್ದೆವು. ನಿದ್ದೆ ಅಂದರೆ ನಮಗೆ ಸೋಮಾರಿತನ. ಪಾಳಿ ಹಾಗೆ ಹಾಕಿದವರನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಮನೆಯಲ್ಲೂ ಅಷ್ಟೇ. ಹಗಲು ನಾನು ಮಲಗಿದ್ದಾಗ ನಿನ್ನ ದೊಡ್ಡಮ್ಮ ಮಕ್ಕಳನ್ನು ಹಿತ್ತಿಲಿಗೆ ಕಳಿಸಿ ಬಾಗಿಲು ಹಾಕುತ್ತಿದ್ದಳು. ಅವರು ಅಲ್ಲಿ ಏನು ಆಡಿದರು, ಏನು ಜಗಳವಾಡಿದರು, ನನಗೆ ಗೊತ್ತೇ ಇಲ್ಲ. ಈಗ ಇಬ್ಬರೂ ಸೇರಿದಾಗ ಆ ಹಿತ್ತಿಲ ಕಥೆ ಹೇಳಿಕೊಂಡು ನಗುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ. ನಿನಗೆ ಇದನ್ನು ಯಾಕೆ ಬರೆದೆನೋ.

ಪುಟ್ಟ ಬೆಳಕಿರುವಾಗ ಮಲಗುವುದಿಲ್ಲ ಅಂದಿದ್ದೀಯ. ಡಿಸೆಂಬರಿಗೆ ಅಲ್ಲಿ ಸೂರ್ಯ ಮುಳುಗುವಾಗ ಎಂಟೂವರೆ ದಾಟುತ್ತೆ, ಆಗ ಇನ್ನೂ ಕಷ್ಟ. ಕಿಟಕಿಗೆ ದಪ್ಪ ಕಪ್ಪು ಪರದೆ ಹಾಕು. ನಿನಗೆ ತಿಳಿಯದ್ದೇನಲ್ಲ, ಆದರೂ ಹೇಳುತ್ತೇನೆ. ಬೆಳಿಗ್ಗೆ ಮಾತ್ರ ಪರದೆ ಪೂರ್ತಿ ತೆಗೆದುಬಿಡು. ಮೈಗೆ ಹೊತ್ತು ಗೊತ್ತಾಗುವುದು ಬೆಳಗಿನ ಬೆಳಕಿನಿಂದಂತೆ. ನಿನಗೇ ಆ ಬೆಳಕು ಸಿಗುತ್ತಿಲ್ಲ, ಅದೇ ತೊಂದರೆ ಅಲ್ವಾ? ಹಿಂದಿನ ತಿಂಗಳವರೆಗೆ ಬೆಳಕು ಹರಿಯುವಾಗ ಹೊರಡುತ್ತಿದ್ದವಳು ಈಗ ಕತ್ತಲಲ್ಲಿ ಹೊರಡುತ್ತಿದ್ದೀಯ. ಲ್ಯಾಬಿನಲ್ಲಿ ಡ್ಯೂಟಿ ಅರ್ಧ ಗಂಟೆ ತಡ ಮಾಡಿಕೊಡಲು ಕೇಳಿದರೆ ಏನಾದೀತು? ಇಲ್ಲ ಅಂದಾರು, ಅಷ್ಟೇ. ಹೊಸ ಕೆಲಸ, ಸಂಕೋಚ, ಗೊತ್ತು. ಆದರೂ ಕೇಳು.

ಮುಂದಿನ ವರ್ಷ ಅಕ್ಟೋಬರಿನ ಮೊದಲ ಭಾನುವಾರಕ್ಕೆ ನಾಲ್ಕೈದು ದಿನ ಮುಂಚೆಯೇ ಎಲ್ಲರೂ ಹತ್ತು ಹದಿನೈದು ನಿಮಿಷ ಬೇಗ ಬೇಗ ಮಲಗುತ್ತಾ ಬನ್ನಿ. ಆಗುತ್ತೋ ಇಲ್ಲವೋ, ನಾಲ್ಕು ವರ್ಷದ ಮಗು ಇರುವ ಮನೆಯಲ್ಲಿ ಅದೆಲ್ಲ ಹೇಳುವಷ್ಟು ಸುಲಭವಲ್ಲ. ಕಾಫಿ ಕುಡಿದು ಸುಧಾರಿಸುತ್ತೇನೆ ಅಂತ ಮಾತ್ರ ಹೊರಡಬೇಡ. ಕಣ್ಣು ಎಳೆದರೆ ಕಾರು ಪಕ್ಕಕ್ಕೆ ಹಾಕು. ತಡವಾದರೆ ಬೈಯುತ್ತಾರೆ, ಬೈಸಿಕೊ.

ಇನ್ನೊಂದು. ನಾನು ಸಂಜೆ ನಾಲ್ಕಕ್ಕೆ ಫೋನ್ ಮಾಡುತ್ತಿದ್ದೆ, ಆಗ ನಿಮಗೆ ಎಂಟೂವರೆ. ಈಗ ಅದು ನಿಮಗೆ ಒಂಬತ್ತೂವರೆ. ನನಗೆ ಅದು ತಲೆಗೇ ಹೋಗಿರಲಿಲ್ಲ, ನೀನೂ ಹೇಳಲಿಲ್ಲ. ಇನ್ನು ಏಪ್ರಿಲ್‌ವರೆಗೆ ಮೂರಕ್ಕೇ ಮಾಡುತ್ತೇನೆ, ಅದೂ ಶನಿವಾರ ಮಾತ್ರ.

ಇತಿ,
ನಿನ್ನ ದೊಡ್ಡಪ್ಪ

ತಾ.ಕ.: ಮನೆ ಹತ್ತಿರ ಟ್ರಾಮ್ ಇದೆ ಅಂದಿದ್ದೆ. ಬೆಳಿಗ್ಗೆ ಮೊದಲ ಟ್ರಾಮ್ ಎಷ್ಟು ಗಂಟೆಗೆ, ಅದು ಲ್ಯಾಬಿನ ಹತ್ತಿರ ಹೋಗುತ್ತದೆಯೇ, ಶನಿವಾರ ಫೋನಿನಲ್ಲಿ ಹೇಳು. ಮರೆಯಬೇಡ.