ಬೋರಲು ಮಲಗಿ ಕೇಳಿದ ಪುಸ್ತಕಗಳು, ಹೇಳಿದವರಿಗೆಲ್ಲ ಥ್ಯಾಂಕ್ಸ್

ನಿನ್ನೆ ರಾತ್ರಿ ಒಂದು ಪುಸ್ತಕ ಓದಿ ಮುಗಿಸಿದೆ. ಇದೇನು ಹೇಳ್ಕೊಳ್ಳೋ ವಿಷ್ಯನಾ ಅನ್ನಿಸಬಹುದು ನಿಮಗೆ, ಆದ್ರೆ ಏಳು ತಿಂಗಳಾದ್ಮೇಲೆ ಮೊದಲನೇ ಸಲ, ನನ್ನ ಕಣ್ಣಿಂದಲೇ, ನಾನೇ ಪುಟ ತಿರುಗಿಸ್ಕೊಂಡು, ಶುರುವಿಂದ ಕೊನೆವರೆಗೂ. ದೊಡ್ಡ ಪುಸ್ತಕ ಏನಲ್ಲ, ತೇಜಸ್ವಿಯವರ ಕರ್ವಾಲೊ, ಕಾಲೇಜಲ್ಲಿದ್ದಾಗ ಒಂದೇ ಮಧ್ಯಾಹ್ನಕ್ಕೆ ಮುಗಿಸಿದ್ದೆ, ಈಗ 19 ದಿನ ಹಿಡೀತು. ಮುಗಿಸಿ ಪುಸ್ತಕ ಎದೆ ಮೇಲಿಟ್ಕೊಂಡು ಸ್ವಲ್ಪ ಹೊತ್ತು ಹಾಗೇ ಬಿದ್ಕೊಂಡಿದ್ದೆ, ಅಂಗಾತ. ಅಂಗಾತ ಮಲಗೋದು ಎಂಥಾ ಸುಖ ಅಂತ ಹತ್ತು ದಿನ ಬೋರಲು ಮಲಗಿದವರನ್ನ ಕೇಳಿ.

ಆಗಿದ್ದಿಷ್ಟು. ಬಲಗಣ್ಣಲ್ಲಿ ಮೂಲೆಯಿಂದ ಮಿಂಚು ಹೊಡೆದಂಗೆ ಆಗ್ತಿತ್ತು, ಆಮೇಲೆ ಕಪ್ಪು ಕಪ್ಪು ಚುಕ್ಕೆ ತೇಲೋಕೆ ಶುರುವಾಯ್ತು, ನಿದ್ದೆ ಕಮ್ಮಿಯಾಗಿದೆ ಬಿಡು ಅಂತ ನಾಲ್ಕು ದಿನ ಸುಮ್ನಿದ್ದೆ, ಐದನೇ ದಿನ ಬೆಳಿಗ್ಗೆ ಎದ್ದಾಗ ಕೆಳಗಿನ ಅರ್ಧಕ್ಕೆ ಯಾರೋ ಪರದೆ ಎಳೆದಿದ್ರು. ರೆಟಿನಾ, ಅಂದ್ರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯೋ ಪದರ, ಕಿತ್ಕೊಂಡಿತ್ತು. ಕಣ್ಣೊಳಗಿನ ದ್ರವ ತೆಗೆದು ಅದರ ಜಾಗಕ್ಕೆ ಗ್ಯಾಸ್ ತುಂಬಿಸ್ತಾರೆ, ಆ ಗ್ಯಾಸಿನ ಗುಳ್ಳೆ ಯಾವಾಗ್ಲೂ ಮೇಲಕ್ಕೇ ಹೋಗುತ್ತಲ್ಲ, ಅದು ಹಿಂದಿರೋ ರೆಟಿನಾನ ಒತ್ತಿ ಹಿಡೀಬೇಕು ಅಂದ್ರೆ ನಾವು ಮುಖ ಕೆಳಗೆ ಮಾಡ್ಕೊಂಡೇ ಇರಬೇಕು. ಮಲಗಿದ್ರೂ ಕೂತ್ರೂ ನೆಲ ನೋಡ್ಕೊಂಡೇ. (ಇಷ್ಟು ಹೊತ್ತಿಗೆ ಬೋರ್ ಆಗಿ ಹೊರಟವರಿಗೆ ಒಂದೇ ಮಾತು: ಹಠಾತ್ತಾಗಿ ಮಿಂಚು, ಚುಕ್ಕೆ, ಪರದೆ ಕಂಡ್ರೆ ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ, ನನ್ನ ಥರ ನಾಲ್ಕು ದಿನ ಕಾಯಬೇಡಿ.)

ಓದೋಕಾಗಲ್ಲ, ಫೋನ್ ನೋಡೋಕಾಗಲ್ಲ, ಹಾಡು ಎಷ್ಟೂಂತ ಕೇಳ್ತೀರಿ. ಆಡಿಯೋ ಬುಕ್ ಹಾಕಿದ್ರೆ ಒಂದೇ ಸಮನೆ ಓದೋ ಆ ದನಿಗೆ ಹತ್ತು ನಿಮಿಷಕ್ಕೆ ನಿದ್ದೆ, ಎದ್ದಾಗ ಯಾರು ಸತ್ರು ಯಾರು ಮದುವೆಯಾದ್ರು ಗೊತ್ತಾಗ್ತಿರಲಿಲ್ಲ. ಮೂರನೇ ದಿನ ತಂಗಿ ಕೈಲಿ ಒಂದು ಮೆಸೇಜ್ ಟೈಪ್ ಮಾಡಿಸಿದೆ, ಗೊತ್ತಿರೋರಿಗೆಲ್ಲ ಕಳಿಸು ಅಂತ: ನೀವು ಓದಿದ ಯಾವುದಾದ್ರೂ ಒಂದು ಪುಸ್ತಕದ ಬಗ್ಗೆ ನಿಮಗೇನನ್ನಿಸ್ತು ಎರಡು ನಿಮಿಷ ವಾಯ್ಸ್ ಮೆಸೇಜಲ್ಲಿ ಹೇಳಿ, ಕಥೆ ಆದ್ರೂ ಸರಿ ನಿಜ ಆದ್ರೂ ಸರಿ, ಚೆನ್ನಾಗಿಲ್ಲ ಅಂದ್ರೂ ಪರವಾಗಿಲ್ಲ. ಒಂದೈದಾರು ಜನ ಕಳಿಸಬಹುದು ಅಂದ್ಕೊಂಡಿದ್ದೆ. 43 ಬಂತು. ನನಗೆ ಗೊತ್ತಿರೋರು ತಮಗೆ ಗೊತ್ತಿರೋರಿಗೆ ದಾಟಿಸಿದ್ರು, ಅರ್ಧಕ್ಕರ್ಧ ಜನರ ಮುಖ ನಾನು ಇವತ್ತಿಗೂ ನೋಡಿಲ್ಲ. ಎರಡು ನಿಮಿಷ ಅಂದಿದ್ದಕ್ಕೆ ಒಬ್ರು 26 ನಿಮಿಷ ಮಾತಾಡಿದ್ರು, ಮಧ್ಯದಲ್ಲಿ ಎರಡು ಸಲ ಮಗು ಅತ್ತಿತು, ಎತ್ಕೊಂಡು ಸಮಾಧಾನ ಮಾಡ್ತಾನೇ ಮುಂದುವರಿಸಿದ್ರು.

ಈ ಬರಹ ಅವರಿಗೆಲ್ಲ. ಡಾಕ್ಟ್ರಿಗೆ, ನರ್ಸುಗಳಿಗೆ ಎದುರಿಗೇ ಹೇಳಿದೀನಿ. ತಂಗಿಗೆ ಹೇಳಿದ್ರೆ ಸಾಲಲ್ಲ, ಪ್ರತಿ ಮೆಸೇಜಿಗೂ ಪ್ಲೇ ಒತ್ತಿದ್ದು ಅವಳೇ, ಕೆಲವನ್ನ ನಾಲ್ಕ್ನಾಲ್ಕು ಸಲ ಕೇಳಿ ಅವಳಿಗೂ ಬಾಯಿಪಾಠ ಆಗಿದೆ.

ಮೊದಲು ಬೈಗುಳ ಕಳಿಸಿದವರಿಗೆ ಥ್ಯಾಂಕ್ಸ್. ಹೆಮಿಂಗ್ವೇ ಬರೆದ ಮುದುಕ ಮತ್ತು ಸಮುದ್ರದ ಕಥೆ ಬಗ್ಗೆ ಒಬ್ರು, ದನಿ ಕೇಳಿದ್ರೆ ಐವತ್ತು ದಾಟಿರಬಹುದು, ಪೂರ್ತಿ ಸಿಟ್ಟಲ್ಲಿ ಹೇಳಿದ್ರು, "84 ದಿನ ಮೀನು ಸಿಕ್ಕಿಲ್ಲ ಸಾರ್, ಆಮೇಲೆ ಸಿಗುತ್ತೆ, ಆಮೇಲೆ ಅದನ್ನ ಶಾರ್ಕುಗಳು ತಿಂದುಬಿಡ್ತವೆ, ಮೂಳೆ ಎಳ್ಕೊಂಡು ಬರ್ತಾನೆ, ಇದಕ್ಕೆ ನೊಬೆಲ್ಲು!" ಬೋರಲು ಮಲಗಿದವನು ನಗಬಾರದು, ದಿಂಬಿನ ತೂತಲ್ಲಿ ಮುಖ ಇಟ್ಕೊಂಡು ನಕ್ಕು ನಕ್ಕು ಕಣ್ಣಿಗೇನಾದ್ರೂ ಆಯ್ತೇನೋ ಅಂತ ಭಯ ಬಿದ್ದಿದ್ದೆ. 1952ರ ಪುಸ್ತಕ, ಎರಡೇ ವರ್ಷದಲ್ಲಿ ಲೇಖಕರಿಗೆ ನೊಬೆಲ್ ಬಂದಿದ್ದು ನಿಜ, ಆದ್ರೆ ಈ ಸಿಟ್ಟೂ ನಿಜವೇ. ಮೂರು ದಿನ ಆದ್ಮೇಲೆ ಹೈಸ್ಕೂಲ್ ಹುಡುಗಿಯೊಬ್ಬಳು ಕರ್ವಾಲೊ ಬಗ್ಗೆ ಕಳಿಸಿದ್ಲು. (ಓದದೇ ಇರೋರು ಇಲ್ಲಿಂದ ನಾಲ್ಕು ಸಾಲು ಹಾರಿಸಿ.) ಅಷ್ಟು ಜನ ಸೇರಿ, ಅಷ್ಟು ಕಾಡು ಸುತ್ತಿ, ಹಾರುವ ಓತಿನ ಕಂಡೂ ಹಿಡೀಲಿಕ್ಕಾಗಲ್ಲ, ಅದು ಕಣಿವೆಗೆ ತೇಲಿ ಹೋಗುತ್ತೆ. ಅವಳು ಹೇಳಿದ್ದು, "ಆ ಅಜ್ಜನ ಮೀನೂ ಹೋಯ್ತು, ಇವರ ಓತಿನೂ ಹೋಯ್ತು, ಆದ್ರೆ ಅಜ್ಜನಿಗೆ ಬೇಜಾರಾಯ್ತು, ಇವರಿಗೆ ಆಗ್ಲಿಲ್ಲ, ಯಾಕೆ?" ಅಷ್ಟೇ, ಮೆಸೇಜ್ ಮುಗೀತು.

ನಾನು ಕರ್ವಾಲೊನ ಮೂರು ಸಲ ಓದಿದೀನಿ. ಮುದುಕನ್ನೂ ಓದಿದೀನಿ. ಇವೆರಡನ್ನೂ ಪಕ್ಕ ಪಕ್ಕ ಇಟ್ಟು ಯಾವತ್ತೂ ನೋಡಿರಲಿಲ್ಲ. ಒಬ್ಬನಿಗೆ ಮೀನು ಅನ್ನ, ಅದಕ್ಕೆ ಬೇಜಾರು, ಇನ್ನೊಬ್ಬರಿಗೆ ಓತಿ ಬರೀ ನೋಡಬೇಕು ಅನ್ನೋ ಆಸೆ, ಅದಕ್ಕೆ ನೋಡಿದ್ದೇ ಸಾಕಾಯ್ತು ಅಂತ ಎರಡು ದಿನ ಯೋಚಿಸಿ ಉತ್ತರ ಕಳಿಸಿದೆ, ಅವಳು "ಹಾಗಾದ್ರೆ ಮಂದಣ್ಣನಿಗೆ?" ಅಂದ್ಲು. ಮಂದಣ್ಣ, ಕರ್ವಾಲೊದ ಆ ಹಳ್ಳಿ ಹುಡುಗ, ಅವನನ್ನ ನಾನು ಮರೆತೇಬಿಟ್ಟಿದ್ದೆ ನೋಡಿ. ಕಣ್ಣು ಬಂದ ತಕ್ಷಣ ಮೊದಲು ಇದನ್ನೇ ಓದಬೇಕು ಅಂತ ನಿರ್ಧಾರ ಮಾಡಿದ್ದು ಅವತ್ತೇ. ಪುಟ್ಟಾ, ಓದಿ ಆಯ್ತು, ಉತ್ತರ ಬೇರೆ ಕಳಿಸ್ತೀನಿ, ಉದ್ದ ಇದೆ.

ಒಬ್ಬ ಹುಡುಗ ಮಾತ್ರ ಭಾರಿ ತಮಾಷೆ ಮಾಡಿದ. ಕಣ್ಣಿನ ಪೇಷೆಂಟಿಗೆ ಬೊಬಿ ಅನ್ನೋ ಫ್ರೆಂಚ್ ಪತ್ರಕರ್ತನ ಪುಸ್ತಕದ ಬಗ್ಗೆ ಹೇಳೋದಾ! 1995ರಲ್ಲಿ ಅವರಿಗೆ ಸ್ಟ್ರೋಕ್ ಆಗಿ ಇಡೀ ಮೈ ನಿಂತುಹೋಗಿತ್ತು, ಬಲಗಣ್ಣನ್ನ ಹೊಲಿದುಬಿಟ್ಟಿದ್ರು, ಉಳಿದಿದ್ದು ಎಡಗಣ್ಣಿನ ರೆಪ್ಪೆ ಒಂದೇ. ಎದುರಿಗೆ ಕೂತವರು ಅಕ್ಷರಗಳನ್ನ ಒಂದೊಂದಾಗಿ ಹೇಳ್ತಾ ಹೋಗೋದು, ಬೇಕಾದ ಅಕ್ಷರ ಬಂದಾಗ ಇವರು ರೆಪ್ಪೆ ಬಡಿಯೋದು, ಹಾಗೇ ಒಂದು ಪುಸ್ತಕ. 1997ರಲ್ಲಿ ಪುಸ್ತಕ ಬಂತು, ಬಂದ ಕೆಲವೇ ದಿನಕ್ಕೆ ಅವರು ಹೋಗಿಬಿಟ್ರು. ಫ್ರೆಂಚಲ್ಲಿ ಜಾಸ್ತಿ ಬಳಕೆಯಾಗೋ ಅಕ್ಷರ ಮೊದಲು ಬರೋ ಹಾಗೆ ಪಟ್ಟಿ ಮಾಡಿದ್ರಂತೆ. ಈ ಹುಡುಗ ಸ್ಪೂರ್ತಿ ಗೀರ್ತಿ ಅಂತೆಲ್ಲ ಏನೂ ಹೇಳ್ಲಿಲ್ಲ, "ಕನ್ನಡದಲ್ಲಿ ಹೀಗೆ ಬರೀಬೇಕಂದ್ರೆ ಏನ್ ಗತಿ? 49 ಅಕ್ಷರ, ಮೇಲೆ ಕಾಗುಣಿತ, ಮೇಲೆ ಒತ್ತಕ್ಷರ. ಸ್ತ್ರೀ ಅಂತ ಬರೆಯೋಷ್ಟರಲ್ಲಿ ಮನುಷ್ಯ ನಿದ್ದೆ ಹೋಗಿರ್ತಾನೆ" ಅಂದ. ನಾನು ಆ ರಾತ್ರಿ ನಿದ್ದೆ ಬರದೆ ಒಂದು ಪಟ್ಟಿ ಮಾಡ್ತಾ ಕೂತೆ, ಕೂತೆ ಅಲ್ಲ ಮಲಗಿದ್ದೆ, ಮೊದಲು ಯಾವ ಅಕ್ಷರ ಇಡಬೇಕು, ಅ ನಾ, ದ ನಾ, ಅಥವಾ ಎಲ್ಲಾ ಮಾತಿಗೂ ಬಾಲದ ಥರ ಬರೋ ಉ ಕಾರನಾ. ಬೆಳಿಗ್ಗೆವರೆಗೂ ಹೊತ್ತು ಹೋಯ್ತು. ಕಣ್ಣಿನ ಬಗ್ಗೆ ಭಯ ಪಡದೆ ಕಳೆದ ಮೊದಲನೇ ರಾತ್ರಿ ಅದು, ಕಣ್ಣಿನ ಬಗ್ಗೆ ಪುಸ್ತಕ ಕಳಿಸಿದ ಪುಣ್ಯಾತ್ಮನಿಂದ.

ಫ್ರಾಂಕಲ್ ಪುಸ್ತಕನ ಮೂರು ಜನ ಹೇಳಿದ್ರು, ನಾಜಿ ಕ್ಯಾಂಪುಗಳಲ್ಲಿ ಬದುಕಿ ಬಂದ ಮನೋವೈದ್ಯರದ್ದು, 1946ರದ್ದು. ಆಸ್ಪತ್ರೆಲಿ ಇರೋರಿಗೆ ಹಣ್ಣಿನ ಬುಟ್ಟಿ ಥರ ಎಲ್ಲರೂ ಅದನ್ನೇ ಕೊಡ್ತಾರೆ ಅನ್ಸುತ್ತೆ. ನಾಲ್ಕನೆಯವರು ಒಬ್ಬ ಅಕೌಂಟೆಂಟ್ ಮೇಡಂ, "ಅದನ್ನ ಈಗ ಓದಬೇಡಿ, ಅವರು ಅದನ್ನ ಹೆಸರು ಕೂಡ ಹಾಕದೆ ಪ್ರಿಂಟ್ ಮಾಡಿಸ್ಬೇಕು ಅಂತಿದ್ರು, ಈಗ ಜನ ಬೇರೆಯವರ ನೋವಿಗೆ ಮುಲಾಮು ಥರ ಹಚ್ಚೋಕೆ ಬಳಸ್ತಾರೆ, ನಿಮಗೆ ಆಗಿರೋದು ಕಣ್ಣು ನೋವು, ಅದನ್ನ ಕಣ್ಣು ನೋವು ಅಂತಲೇ ಇಟ್ಕೊಳ್ಳಿ" ಅಂದ್ರು. ಮೇಡಂ, ಇದು ಎಷ್ಟು ಹಗುರ ಮಾಡ್ತು ಗೊತ್ತಾ. ಅದುವರೆಗೂ ಈ ಕಷ್ಟದಿಂದ ಏನೋ ದೊಡ್ಡ ಅರ್ಥ ಕಂಡ್ಕೊಂಡು ಎದ್ದು ಬರಬೇಕೇನೋ ಅನ್ನೋ ಒಂದು ಹೋಂವರ್ಕ್ ತಲೆ ಮೇಲಿತ್ತು.

ಆಮೇಲೆ ಆ ಹಿರಿಯರದ್ದು. ರಿಟೈರ್ಡ್ ಮೇಷ್ಟ್ರು, ಅಷ್ಟೇ ಹೇಳ್ತೀನಿ. ಗಾಂಧಿ ಆತ್ಮಕಥೆ ಬಗ್ಗೆ ಕಳಿಸಿದ್ರು, ಗಾಂಧಿ ಅಂದ ತಕ್ಷಣ ನಾನು ಒಳಗೊಳಗೇ ಅಯ್ಯೋ ಅಂದ್ಕೊಂಡೆ, ಭಾಷಣ ಶುರುವಾಯ್ತು ಅಂತ. ಅವರು ಶುರು ಮಾಡಿದ್ದೇ "ನನಗೆ ಮಹಾತ್ಮರ ಬಗ್ಗೆ ಏನೂ ಅಭಿಪ್ರಾಯ ಇಲ್ಲ, ಐದು ನಿಮಿಷದ ಬಗ್ಗೆ ಮಾತ್ರ ಇದೆ" ಅಂತ. 1925ರಿಂದ ನವಜೀವನ ಪತ್ರಿಕೆಲಿ ವಾರವಾರ ಬಂದ ಬರಹ ಅದು, ಅದಕ್ಕೇ ಅಧ್ಯಾಯಗಳೆಲ್ಲ ಚಿಕ್ಕ ಚಿಕ್ಕದು. ಅದರಲ್ಲಿ ಅಪ್ಪ ಸಾಯೋ ಅಧ್ಯಾಯ ಒಂದಿದೆ. ಹದಿನಾರು ವರ್ಷದ ಹುಡುಗ ದಿನಾ ರಾತ್ರಿ ಅಪ್ಪನ ಕಾಲು ಒತ್ತುತ್ತಿರ್ತಾನೆ, ಆ ರಾತ್ರಿ ಚಿಕ್ಕಪ್ಪ ಬಂದು ನೀನು ಹೋಗಿ ಮಲ್ಕೋ ಅಂತಾರೆ, ಹೋಗ್ತಾನೆ, ಹೆಂಡತಿ ಹತ್ರ, ಐದಾರು ನಿಮಿಷಕ್ಕೆ ಬಾಗಿಲು ಬಡಿಯುತ್ತೆ, ಅಷ್ಟರಲ್ಲಿ ಮುಗಿದುಹೋಗಿರುತ್ತೆ. ಅದನ್ನ ಮುಚ್ಚಿಡದೆ, ನಾಚಿಕೆ ಅಂತಲೇ ಕರೆದು, ಊರಿಗೆಲ್ಲ ಗೊತ್ತಾಗೋ ಹಾಗೆ ಬರೆದಿದಾರೆ.

ಮೇಷ್ಟ್ರು ಹೇಳಿದ್ರು, ಅವರ ತಂದೆ ಹೋದಾಗ ಅವರು ವಾರ್ಡಿನ ಹೊರಗೆ ಫೋನಲ್ಲಿ ಮಾತಾಡ್ತಿದ್ರಂತೆ. ಮುಖ್ಯವಾದ ಫೋನೂ ಅಲ್ಲ, ಯಾವುದೋ ಸೈಟಿನ ವಿಷ್ಯ. 22 ವರ್ಷ ಆಯ್ತು, ಹೆಂಡತಿಗೂ ಹೇಳಿಲ್ಲ, ಪ್ರತಿ ವರ್ಷ ತಂದೆ ತಿಥಿ ದಿನ ಆ ಒಂದು ಅಧ್ಯಾಯ ಮಾತ್ರ ಓದ್ತಾರೆ, ಮುಂದಿನ ಪುಸ್ತಕ ಪೂರ್ತಿ ಇವತ್ತಿಗೂ ಓದಿಲ್ಲ. "ಓದಿ ಸಮಾಧಾನ ಏನೂ ಆಗಲ್ಲಪ್ಪ, ಜೊತೆಗೆ ಒಬ್ರಿದಾರೆ ಅನ್ಸುತ್ತೆ" ಅಂದ್ರು. ಆಮೇಲೆ ಕೆಮ್ಮಿದ್ರು, ನಿಮಗೆ ಯಾಕೆ ಹೇಳಿದೆನೋ ಗೊತ್ತಿಲ್ಲ, ನೀವು ನನ್ನ ಮುಖ ನೋಡಲ್ವಲ್ಲ ಅದಕ್ಕೇ ಇರಬೇಕು ಅಂದ್ರು. ಇದನ್ನ ಇಲ್ಲಿ ಬರೀಬಹುದಾ ಅಂತ ಕೇಳಿದೆ, ಹೆಸರು ಬೇಡ, ಬರೀರಿ ಅಂದ್ರು. ತಂಗಿ ಪ್ಲೇ ಒತ್ತಿ ಪಕ್ಕದಲ್ಲೇ ಕೂತಿದ್ಲು, ಇಬ್ರೂ ಬಹಳ ಹೊತ್ತು ಮಾತಾಡ್ಲಿಲ್ಲ. ನಮ್ಮಪ್ಪ ಹೋದಾಗ ನಾವಿಬ್ರೂ ಪಕ್ಕದಲ್ಲೇ ಇದ್ವಿ, ಆದ್ರೂ.

43 ಮೆಸೇಜೂ ಕೇಳಿದ್ಮೇಲೆ ನನಗೆ ಅನ್ನಿಸಿದ್ದು ಒಂದು. ಕಾದಂಬರಿ ಬಗ್ಗೆ ಮಾತಾಡುವಾಗ ಜನ ಪಾತ್ರಗಳ ಮೇಲೆ ಚಾಡಿ ಹೇಳ್ತಾರೆ, ಅವನು ಹಾಗೆ ಮಾಡಬಾರದಿತ್ತು, ಅವಳಿಗೆ ಸೊಕ್ಕು, ಆ ಅತ್ತೆನ ನಂಬಬಾರದಿತ್ತು ಅಂತ, ಪಕ್ಕದ್ಮನೆಯವರ ಸುದ್ದಿ ಥರ. ನಿಜದ ಪುಸ್ತಕಗಳ ಬಗ್ಗೆ ಮಾತಾಡುವಾಗ ಮಾತ್ರ ಒಂದು ನಿಮಿಷದೊಳಗೆ ತಮ್ಮ ಬಗ್ಗೆ ಶುರು ಮಾಡ್ತಾರೆ. ನಾನು ಉಲ್ಟಾ ಅಂದ್ಕೊಂಡಿದ್ದೆ. ಇನ್ನೊಂದು, ಯಾರೂ ಕಥೆ ನೆಟ್ಟಗೆ ಹೇಳ್ಲಿಲ್ಲ. ಭೈರಪ್ಪನವರ ಪರ್ವ ಓದಿದವರೊಬ್ರು ಯುದ್ಧದ ಬಗ್ಗೆ ಒಂದು ಮಾತೂ ಆಡದೆ, ಅದನ್ನ ಓದ್ತಿದ್ದಾಗ ಬಸ್ಸಲ್ಲಿ ದಿನಾ ಪಕ್ಕ ಕೂರ್ತಿದ್ದ ಹುಡುಗಿ ಬಗ್ಗೆ ಹೇಳಿ, ಪುಸ್ತಕ ಮುಗಿಯೋ ಹೊತ್ತಿಗೆ ಅವಳು ಬೇರೆ ಬಸ್ ಹಿಡಿದ್ಲು ಅಂತ ಮುಗಿಸಿದ್ರು. ಇದು ವಿಮರ್ಶೆ ಅಲ್ಲ ಬಿಡಿ, ಆದ್ರೆ ನನಗೆ ಆ ಹತ್ತು ದಿನ ಬೇಕಾಗಿದ್ದೂ ವಿಮರ್ಶೆ ಅಲ್ಲ.

ಗ್ಯಾಸು ಕರಗೋಕೆ ಆರೇಳು ವಾರ ಹಿಡೀತು. ಕಣ್ಣಲ್ಲಿ ನೀರಿನ ಮಟ್ಟದ ಥರ ಒಂದು ಗೆರೆ ಕಾಣುತ್ತೆ, ನಡೆದ್ರೆ ಅಲ್ಲಾಡುತ್ತೆ, ದಿನ ದಿನ ಕೆಳಗಿಳಿಯುತ್ತೆ, ಗೆರೆಯ ಮೇಲೆ ಲೋಕ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತೆ. ಕೊನೆಗೊಂದು ಪುಟ್ಟ ಗುಳ್ಳೆ, ಒಂದು ಬೆಳಿಗ್ಗೆ ಅದೂ ಇಲ್ಲ. ಮೊದಲು ಓದಿದ್ದು ಕ್ಯಾಲೆಂಡರಿನ ದೊಡ್ಡ ಅಂಕಿ. ಸಾಲುಗಳು ಇನ್ನೂ ಸ್ವಲ್ಪ ಸೊಟ್ಟ ಕಾಣ್ತವೆ, ದಿನಕ್ಕೆ ಆರೇಳು ಪುಟಕ್ಕೆ ಕಣ್ಣು ಸಾಕು ಅನ್ನುತ್ತೆ, ಇರಲಿ.

ಒಂದು ಜಗಳ ಮಾತ್ರ ಬಾಕಿ ಇದೆ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ನಾನು ಓದಿರಲಿಲ್ಲ, 1967ರಿಂದ ಇರೋ ಪುಸ್ತಕ, ಏಳುನೂರು ಪುಟ ದಾಟುತ್ತೆ, ಮುಂದೆ ಹಾಕ್ಕೊಂಡೇ ಬಂದಿದ್ದೆ. ಒಬ್ಬಕ್ಕ ಅದರ ಬಗ್ಗೆ ಹೇಳ್ತಾ ಹೇಳ್ತಾ ಕೊನೆಗೆ ತುಂಬಿದ ಹೊಳೇಲಿ ಗುತ್ತಿಯ ನಾಯಿಗೆ ಏನಾಗುತ್ತೆ ಅಂತ ಹೇಳಿಬಿಟ್ರು. ಹೇಳಿ, ಬಿಕ್ಕಿ, "ಅಯ್ಯೋ ನೀವು ಓದಿದೀರಿ ತಾನೆ?" ಅಂದ್ರು. ಆಮೇಲೆ ಸಾರಿ ಅಂತ ಆರು ಮೆಸೇಜ್ ಕಳಿಸಿದ್ರು. ಅಕ್ಕಾ, ಸಾರಿ ಬೇಡ. ಇವತ್ತು ಬೆಳಿಗ್ಗೆ ಶುರು ಮಾಡಿದೀನಿ, ಆರು ಪುಟ ಆಯ್ತು. ಗುತ್ತಿ ನಡ್ಕೊಂಡು ಹೋಗ್ತಿದಾನೆ, ಅವನ ನಾಯಿ ಹುಲಿಯ ಜೊತೇಲೇ ಇದೆ. ನನ್ನ ಲೆಕ್ಕದಲ್ಲಿ ಆ ಹೊಳೆ ಹತ್ರ ಹೋಗೋಕೆ ಇನ್ನೂ ನಾಲ್ಕು ತಿಂಗಳಿದೆ.